ಹಳೇ ಆಫೀಸ್ ಡೆಸ್ಕ್‌ಟಾಪ್: ಮಷೀನು ಗಟ್ಟಿ, ಕಾಡಿದ್ದು ಒಂದು ಸೆನ್ಸರ್

ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಇದು. ರಾಯಚೂರಿನಲ್ಲಿ ಮನೆಯಿಂದಲೇ ಹತ್ತಿ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಹೊಸದಕ್ಕೆ ಕೈ ಹಾಕುವ ಬಜೆಟ್ ಇರಲಿಲ್ಲ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್ ಇಷ್ಟಕ್ಕೆ ಇದು ಧಾರಾಳ ಸಾಕು.

ಬೆಳಗ್ಗೆ ಚಹಾಕ್ಕಿಟ್ಟು ಬಟನ್ ಒತ್ತುತ್ತೇನೆ. ಮುಂದಿನ ಜಾಲರಿಗೆ ಕೂತ ಧೂಳನ್ನು ಹಳೇ ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ಗಂಜ್‌ನಿಂದ, ಅಂದರೆ ಮಾರುಕಟ್ಟೆಯಿಂದ ಬಂದ ತಕ್‌ಪಟ್ಟಿಗಳನ್ನು (ಮಾರಾಟದ ಚೀಟಿಗಳನ್ನು) ತಾರೀಖಿನ ಪ್ರಕಾರ ಜೋಡಿಸುವಷ್ಟರಲ್ಲಿ ಟ್ಯಾಲಿ ತೆರೆದಿರುತ್ತದೆ. ಆ ಹೊತ್ತಿನ ನಿಶ್ಶಬ್ದ ನನಗೆ ತುಂಬಾ ಇಷ್ಟ.

ಅದನ್ನೇ ಈ ಮಷೀನು ಕಿತ್ತುಕೊಂಡಿತ್ತು. ಆನ್ ಮಾಡಿದರೆ ಸಾಕು, ಫ್ಯಾನ್ ಗಿರಣಿ ಹಾಗೆ ಶುರು. ಫೋನಿನಲ್ಲಿ ಪಾರ್ಟಿ ಹೇಳುವ ಮೊತ್ತ ಕೇಳಿಸುತ್ತಿರಲಿಲ್ಲ. "ಯಾಕವ್ವಾ, ಹಂಗ ಒದರಾಕತ್ತೈತಿ?" ಅಂತ ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದರು. ರಿಪೇರಿ ಅಂಗಡಿಯವರು, "ನಮ್ಮೂರ ಬಿಸಿಲಲ್ವಾ ಅಕ್ಕಾ" ಅಂದರು. ಧೂಳು ಊದಿದರು, ಸಿಪಿಯು ಶಾಖ ಇಳಿಸುವ ಪೇಸ್ಟ್ ಹಚ್ಚಿದರು, ಫ್ಯಾನನ್ನೂ ಬದಲಿಸಿದರು. ದುಡ್ಡು ಹೋಯಿತು, ಸದ್ದು ಉಳಿಯಿತು.

ಬಿಸಿಲಿನ ಮಾತು ಡಿಸೆಂಬರ್‌ನಲ್ಲಿ ಬಿದ್ದುಹೋಯಿತು. ನಸುಕಿನ ಚಳಿ, ಪೆಟ್ಟಿಗೆ ಮುಟ್ಟಿದರೆ ತಣ್ಣಗೆ. ಆದರೂ ಅದೇ ಆರ್ಭಟ. ಆಗ ಮಷೀನಿನ ಸೆನ್ಸರ್‌ಗಳ ರೀಡಿಂಗ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಸಿಪಿಯು 38 ಡಿಗ್ರಿ. ಕ್ಯಾಬಿನೆಟ್ ಒಳಗಿನ ಗಾಳಿಯ ಸೆನ್ಸರ್ ಮಾತ್ರ 127 ಡಿಗ್ರಿ, ಕದಲದೆ ಕೂತಿತ್ತು! 8 ಬಿಟ್ ಲೆಕ್ಕದಲ್ಲಿ ಮೈನಸ್ಸೂ ತೋರಿಸುವ ಸಂಖ್ಯೆಗೆ 127ಕ್ಕಿಂತ ಮೇಲೆ ಹೋಗಲು ಬರುವುದಿಲ್ಲ. ಹಾಗಾಗಿ ಈ ಅಂಕಿ ಕಂಡರೆ ಶಾಖಕ್ಕಿಂತ ಮೊದಲು ಸೆನ್ಸರ್ ಮೇಲೇ ಅನುಮಾನ ಪಡಬೇಕು. ಬೋರ್ಡು ಪಾಪ ಅದನ್ನು ನಂಬಿ, ಸುಟ್ಟುಹೋಗದಿರಲಿ ಅಂತ ಫ್ಯಾನನ್ನು ಪೂರ್ತಿ ಓಡಿಸುತ್ತಿತ್ತು. ಇದು ಗೊತ್ತಾದ ಮೇಲೆ ಮಷೀನಿನ ಮೇಲಿದ್ದ ಸಿಟ್ಟು ಇಳಿಯಿತು.

ಆ ಸೆನ್ಸರ್ ಅಂದರೆ ಮುಂದಿನ ಜಾಲರಿ ಹಿಂದೆ ಎರಡು ಸಣ್ಣ ವೈರಿನ ತುದಿಗಿರುವ ಮಣಿ. ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದರು. ನಮ್ಮ ಮಣಿ ಹೆಚ್ಚುಕಮ್ಮಿ ಸೊನ್ನೆ, ಅಂದರೆ ಶಾರ್ಟ್. ಅದಕ್ಕೇ ಬೋರ್ಡಿಗೆ ವಿಪರೀತ ಬಿಸಿ ಅನ್ನಿಸುತ್ತಿತ್ತು. ಗುಜರಿ ಸೇರಿದ್ದ ಇದೇ ಮಾಡೆಲ್‌ನಿಂದ ಬಿಚ್ಚಿ ತಂದ ಮಣಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ಮೈ ಶಾಖಕ್ಕೇ ಮೀಟರಿನ ಅಂಕಿ ಮೆಲ್ಲಗೆ ಇಳಿಯತೊಡಗಿತು. ಬಿಟ್ಟರೆ ಮತ್ತೆ ಏರಿತು. ಎಷ್ಟು ಖುಷಿಯಾಯಿತು ಅಂದರೆ, ನಾನೂ ಇಸಿದುಕೊಂಡು ಹಿಡಿದು ನೋಡಿದೆ.

ಅದನ್ನು ಹಾಕಿದ ಮೇಲೆ ಫ್ಯಾನ್ ಇದೆಯೋ ಇಲ್ಲವೋ ಅನ್ನುವಷ್ಟು ಸದ್ದು ಇಳಿದಿದೆ. ಮೇ ತಿಂಗಳ ಮಧ್ಯಾಹ್ನ ಸ್ವಲ್ಪ ಜೋರಾಗುತ್ತದೆ. ಆಗ ಆಗಲೇಬೇಕು.

ಬೇಸರ ಒಂದೇ. ಈ ಪುಟ್ಟ ವೈರು ಬಿಡಿಯಾಗಿ ನಮ್ಮೂರಲ್ಲಿ ಸಿಗುವುದಿಲ್ಲ. ಸದ್ದು ತಾಳಲಾರದೆ ಫ್ಯಾನಿನ ವೈರನ್ನೇ ಕಿತ್ತಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ರೀಡಿಂಗ್ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಆನ್ ಮಾಡಿಸಿ, ಸದ್ದು ಕೇಳಿ, ಆಮೇಲೆ ದುಡ್ಡು ಕೊಡಿ. ಇದೇ ಮಾಡೆಲ್ ಸಿಕ್ಕರೆ ನಾನಂತೂ ಇನ್ನೊಂದು ಕೊಳ್ಳುತ್ತೇನೆ.