ಕಡ ಕೊಡುವುದೋ, ಪಡೆಯುವುದೋ: ‘ಲೆಂಡ್’ ಮತ್ತು ‘ಬಾರೋ’
ದಾವಣಗೆರೆಯ ಮನೆಗಳಲ್ಲಿ ಮಂಡಕ್ಕಿ ಕಲಸುವ ಹೊತ್ತಿಗೆ ಪುಟಾಣಿ ಹಿಟ್ಟು ಸಾಲದೇ ಹೋದರೆ, ‘ಪಕ್ಕದ ಮನೆ ಅಕ್ಕನ ಹತ್ರ ಒಂದು ಬಟ್ಟಲು ಕಡ ಇಸ್ಕೊಂಡು ಬಾ’ ಎನ್ನುತ್ತಾರೆ. ಕೊಡುವುದಕ್ಕೂ ಪಡೆಯುವುದಕ್ಕೂ ನಮ್ಮಲ್ಲಿ ‘ಕಡ’ ಎಂಬ ಒಂದೇ ಪದವಿರುವುದರಿಂದ, ಇಂಗ್ಲಿಷಿನ ಎರಡು ಕ್ರಿಯಾಪದಗಳಲ್ಲಿ ಯಾವುದನ್ನು ಆರಿಸಬೇಕೆಂದು ಮಕ್ಕಳು ತಡವರಿಸುತ್ತಾರೆ. ವಾಕ್ಯದ ಕರ್ತೃ ಪಡೆಯುವವನಾದರೆ ‘ಬಾರೋ’, ಕೊಡುವವನಾದರೆ ‘ಲೆಂಡ್’. ‘ಕ್ಯಾನ್ ಐ ಬಾರೋ ಯುವರ್ ಪೆನ್’ ಎಂದರೂ ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್’ ಎಂದರೂ ಸರಿಯೇ, ಕೇಳುವವರಿಗೆ ಮೊದಲನೆಯದೇ ಸುಲಭವೆಂದು ನನ್ನ ಅನಿಸಿಕೆ. ಆದರೆ ‘ಬಾರೋ ಮಿ ಯುವರ್ ಪೆನ್’ ಎಂಬುದು ಶಿಷ್ಟ ಇಂಗ್ಲಿಷಿನಲ್ಲಿ ತಪ್ಪು. ‘ಬಾರೋ’ ಬಳಸಿದಾಗ ಯಾರಿಂದ ಪಡೆದದ್ದೆಂದು ಹೇಳಬೇಕಿದ್ದರೆ ‘ಫ್ರಮ್’ ಸೇರಿಸಬೇಕು. ಭೂತಕಾಲದಲ್ಲಿ ‘ಲೆಂಡ್’ ಎಂಬುದು ‘ಲೆಂಟ್’ ಆಗುತ್ತದೆ, ‘ಬಾರೋ’ ಎಂಬುದು ‘ಬಾರೋಡ್’.