ಮಾಲಗಾದಲ್ಲಿ ಒಂಬತ್ತು ರಾತ್ರಿ: ಬೀದಿಯಲ್ಲಿ ಬಿಸಿಲು, ಮನೆಯೊಳಗೆ ಚಳಿ

ಡಿಸೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುತ್ತದೆ. ಮೂರೂವರೆ ವರ್ಷದ ಮಗಳನ್ನು ವಾರಗಟ್ಟಲೆ ನಾಲ್ಕು ಗೋಡೆಯೊಳಗೇ ಆಡಿಸಿ ಸಾಕಾಗಿತ್ತು. ಶಿರಸಿಯಿಂದ ನಮ್ಮಲ್ಲಿಗೆ ಬಂದಿದ್ದ ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಪರದೆ ಸರಿಸಿ ಬಿಸಿಲು ಬಂದಿದೆಯೇ ಎಂದು ನೋಡುತ್ತಿದ್ದಳು. ಹಾಗಾಗಿ ಸ್ಪೇನಿನ ದಕ್ಷಿಣ ಕರಾವಳಿಯ ಮಾಲಗಾ ನಗರದಲ್ಲಿ ಡಿಸೆಂಬರ್ 29ರಿಂದ ಜನವರಿ 7ರವರೆಗೆ ಎರಡು ಮಲಗುವ ಕೋಣೆಗಳ ಒಂದು ಮನೆಯನ್ನು ಬಾಡಿಗೆಗೆ ಹಿಡಿದೆವು. ಒಂಬತ್ತು ರಾತ್ರಿಗೆ 1,050 ಯೂರೊ ಕೊಟ್ಟೆವು. ಈ ಬರಹ ಆ ಮನೆಯ ಕುರಿತದ್ದು. ಅದರ ಹೆಸರನ್ನಾಗಲಿ ಮಾಲೀಕರ ಹೆಸರನ್ನಾಗಲಿ ಬರೆಯುತ್ತಿಲ್ಲ. ಅಲ್ಲಿ ನಾವು ಅನುಭವಿಸಿದ ಕೊರತೆ ಆ ಭಾಗದ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯವಾದದ್ದು, ಚಿಕ್ಕ ಮಕ್ಕಳೊಡನೆ ಹೋಗುವವರು ಹಣ ಕಟ್ಟುವ ಮುಂಚೆಯೇ ಅದನ್ನು ತಿಳಿದಿರಬೇಕು.

ತಲುಪುವುದು ಸುಲಭ. ವಿಮಾನ ನಿಲ್ದಾಣದಲ್ಲೇ ಸಿ1 ಲೋಕಲ್ ರೈಲು ಸಿಗುತ್ತದೆ, ಅದು ಕಾಲು ಗಂಟೆಯೊಳಗೆ ಊರಿನ ಮಧ್ಯದ ಸೆಂಟ್ರೊ-ಅಲಮೇಡಾ ನಿಲ್ದಾಣಕ್ಕೆ ತಂದುಬಿಡುತ್ತದೆ. ಸ್ಪೇನಿನಲ್ಲಿ 135 ಸೆಂಟಿಮೀಟರಿಗಿಂತ ಗಿಡ್ಡವಿರುವ ಮಕ್ಕಳನ್ನು ಕಾರಿನಲ್ಲಿ ಮಕ್ಕಳ ಸೀಟಿನಲ್ಲೇ ಕೂರಿಸಬೇಕೆಂಬ ನಿಯಮವಿದೆ, ರೈಲು ಹಿಡಿದರೆ ಆ ಚಿಂತೆಯೂ ಇಲ್ಲ. ನಿಲ್ದಾಣದಿಂದ ಮಗುವಿನ ತಳ್ಳುಗಾಡಿಯನ್ನು ನೂಕಿಕೊಂಡು ಇಪ್ಪತ್ತು ನಿಮಿಷದಲ್ಲಿ ಮನೆ ಸೇರಿದೆವು. ಪಿಕಾಸೊ 1881ರಲ್ಲಿ ಹುಟ್ಟಿದ ಮನೆಯಿರುವ ಮೆರ್ಸೆದ್ ಚೌಕದ ಹಿಂದಿನ ಓಣಿಯೊಂದರಲ್ಲಿ, ಎರಡನೆಯ ಮಹಡಿಯಲ್ಲಿ ಅದು ಇತ್ತು. ಲಿಫ್ಟ್ ಇತ್ತು. ಒಳಗೆ ಎಲ್ಲವೂ ಚೊಕ್ಕಟವಾಗಿತ್ತು, ಹಾಸಿಗೆಗಳು ಹೊಸವು, ಮಗುವಿಗೆಂದು ಕೇಳಿದ್ದ ಎತ್ತರದ ಕುರ್ಚಿ ನಾವು ಬರುವ ಮೊದಲೇ ಮೇಜಿನ ಪಕ್ಕದಲ್ಲಿತ್ತು.

ಮೊದಲ ರಾತ್ರಿಯೇ ತೊಂದರೆ ಗೊತ್ತಾಯಿತು. ಮಾಲಗಾದಲ್ಲಿ ಜನವರಿಯ ಹಗಲು ಹದಿನೇಳು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ಏಳೆಂಟಕ್ಕೆ ಇಳಿಯುತ್ತದೆ. ಈ ಅಂಕಿಗಳನ್ನು ನೋಡಿ ಜರ್ಮನಿಯ ಚಳಿ ಕಂಡವರಿಗೆ ಇದೇನು ಮಹಾ ಎಂದುಕೊಂಡಿದ್ದೆವು. ಆದರೆ ಜರ್ಮನಿಯ ಮನೆ ಚಳಿಗಾಗಿ ಕಟ್ಟಿದ್ದು, ಮಾಲಗಾ ಇರುವ ಅಂಡಲೂಸಿಯಾ ಪ್ರಾಂತದ ಮನೆ ಜುಲೈ-ಆಗಸ್ಟ್‌ನ ಬೇಗೆಗಾಗಿ ಕಟ್ಟಿದ್ದು. ನೆಲಕ್ಕೆಲ್ಲ ಟೈಲ್ಸ್, ಕಿಟಕಿಗಳಿಗೆ ಒಂದೇ ಪದರದ ಗಾಜು, ಗೋಡೆಗೆ ರೇಡಿಯೇಟರ್ ಇಲ್ಲ. ಬೇಸಿಗೆಯಲ್ಲಿ ನೆರಳು ಇರಲೆಂದೇ ಕಿರಿದಾಗಿ ಉಳಿದಿರುವ ಆ ಓಣಿಗೆ ಚಳಿಗಾಲದ ಇಳಿಬಿಸಿಲು ಮಧ್ಯಾಹ್ನವೂ ಇಳಿಯುವುದಿಲ್ಲ. ಬೀದಿಯ ತುದಿಯ ಚೌಕದಲ್ಲಿ ಜನ ಸ್ವೆಟರ್ ಬಿಚ್ಚಿ ಕುಳಿತಿರುವಾಗ ನಮ್ಮ ಮಲಗುವ ಕೋಣೆಯಲ್ಲಿ ಥರ್ಮಾಮೀಟರ್ 14 ತೋರಿಸುತ್ತಿತ್ತು. ಮಗಳು ಟೈಲ್ಸ್ ಮೇಲೆ ಬರಿಗಾಲಿಟ್ಟವಳು ತಕ್ಷಣ ಹಾಸಿಗೆಗೆ ಹಾರಿ, ಇಳಿಯುವುದಿಲ್ಲವೆಂದು ಹಟ ಹಿಡಿದಳು. ಬಾಡಿಗೆಯ ಜಾಹೀರಾತಿನಲ್ಲಿ ಹೀಟಿಂಗ್ ಇದೆ ಎಂದು ಬರೆದದ್ದು ಸುಳ್ಳಾಗಿರಲಿಲ್ಲ, ನಡುಮನೆಯ ಗೋಡೆಯಲ್ಲಿ ಬಿಸಿಗಾಳಿಯನ್ನೂ ಬಿಡುವ ಒಂದು ಏಸಿ ಇತ್ತು. ಆದರೆ ಅದರ ಬಿಸಿಗಾಳಿ ನಡುಮನೆಯ ಸೂರಿನಡಿಯಲ್ಲೇ ಉಳಿಯುತ್ತಿತ್ತು, ಮಗು ಮಲಗುವ ಕೋಣೆಯನ್ನು ಮುಟ್ಟುತ್ತಿರಲಿಲ್ಲ.

ಮಾಲೀಕರಾದ ಮಹಿಳೆ ಒಳ್ಳೆಯವರು ಎಂಬುದನ್ನು ಇಲ್ಲಿ ಹೇಳಲೇಬೇಕು. ಮರುದಿನ ಬೆಳಿಗ್ಗೆ ಸಂದೇಶ ಕಳಿಸಿದ ಎರಡು ಗಂಟೆಯೊಳಗೆ ಅವರೇ ಎಣ್ಣೆ ತುಂಬಿದ ಎರಡು ಸಾವಿರ ವ್ಯಾಟ್‌ನ ಹೀಟರ್ ಒಂದನ್ನು ತಂದುಕೊಟ್ಟರು. ಆ ಸಂಜೆ ಅದನ್ನು ಕೋಣೆಯಲ್ಲಿ ಹಚ್ಚಿ, ಅಡುಗೆಮನೆಯ ಕರೆಂಟ್ ಒಲೆಯ ಮೇಲೆ ಅನ್ನಕ್ಕಿಟ್ಟು, ಮಗಳಿಗೆ ಸ್ನಾನ ಮಾಡಿಸಲು ಗೀಸರ್ ಹಾಕಿದ್ದೇ ತಡ, ಇಡೀ ಮನೆ ಕತ್ತಲಾಯಿತು. ತಲೆಯ ತುಂಬ ಸೋಪಿನ ನೊರೆ ಹೊತ್ತು ಅಳುತ್ತಿದ್ದ ಮಗುವನ್ನು ಅಮ್ಮ ತನ್ನ ಶಾಲಿನಲ್ಲಿ ಸುತ್ತಿ ಹಿಡಿದುಕೊಂಡಳು, ನಾನು ಮೊಬೈಲ್ ಬೆಳಕಿನಲ್ಲಿ ಬಾಗಿಲ ಹಿಂದಿನ ಸ್ವಿಚ್ ಪೆಟ್ಟಿಗೆ ಹುಡುಕಿದೆ. ಸ್ಪೇನಿನಲ್ಲಿ ಪ್ರತಿ ಮನೆಯೂ ಇಷ್ಟು ಕಿಲೋವ್ಯಾಟ್ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತದೆ, ತಿಂಗಳ ಬಿಲ್ಲಿನ ಒಂದು ಭಾಗ ಅದರ ಮೇಲೇ ನಿಂತಿರುತ್ತದೆ, ಮಿತಿ ಮೀರಿದರೆ ಕರೆಂಟ್ ತಾನಾಗಿ ಕಡಿಯುತ್ತದೆ. ಈ ಮನೆಯ ಮಿತಿ 3.45 ಕಿಲೋವ್ಯಾಟ್. ಮುಖ್ಯ ಸ್ವಿಚ್ಚನ್ನು ಕೆಳಗಿಳಿಸಿ, ಸ್ವಲ್ಪ ಕಾದು, ಮತ್ತೆ ಮೇಲೆತ್ತಿದರೆ ಬೆಳಕು ಬರುತ್ತದೆ. ಇದನ್ನು ಮನೆಯಲ್ಲಿಟ್ಟಿದ್ದ ಸೂಚನೆಗಳ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದಿತ್ತು. ವೈಫೈ ಪಾಸ್‌ವರ್ಡಿಗೂ ಕಸದ ವಿಂಗಡಣೆಗೂ ಒಂದೊಂದು ಪುಟ ಇದ್ದ ಆ ಪುಸ್ತಕದಲ್ಲಿ ಇದಕ್ಕೆ ಜಾಗವಿರಲಿಲ್ಲ ಎಂಬುದೇ ನನ್ನ ಮುಖ್ಯ ದೂರು. ಅಂದಿನಿಂದ ನಾವು ಸ್ನಾನ, ಅಡುಗೆ, ಹೀಟರ್ ಮೂರಕ್ಕೂ ಪಾಳಿ ಹಾಕಿಕೊಂಡೆವು: ಮಧ್ಯಾಹ್ನವೇ ಸ್ನಾನ, ಆರು ಗಂಟೆಗೆ ಅಡುಗೆ, ಏಳರಿಂದ ಕೋಣೆಗೆ ಹೀಟರ್.

ನಡುಮನೆಯಲ್ಲಿ ಒಂದು ದುಂಡು ಮೇಜಿತ್ತು. ನೆಲದವರೆಗೆ ಇಳಿಬಿದ್ದ ದಪ್ಪ ಬಟ್ಟೆ ಅದಕ್ಕೆ ಹೊದಿಸಿತ್ತು, ಬಟ್ಟೆಯೊಳಗೆ ಕಾಲ ಬಳಿ ಒಂದು ವಿದ್ಯುತ್ ಕಾವಲಿ. ಹಿಂದೆ ಅದೇ ಜಾಗದಲ್ಲಿ ಕೆಂಡದ ಬೋಗುಣಿ ಇಡುತ್ತಿದ್ದರಂತೆ. ಬಟ್ಟೆಯನ್ನು ಮಡಿಲ ಮೇಲೆ ಎಳೆದುಕೊಂಡು ಕುಳಿತರೆ ಸೊಂಟದವರೆಗೆ ಹಿತವಾಗಿ ಕಾವೇರುತ್ತದೆ. ಅಮ್ಮ ಇದನ್ನು ಮಲೆನಾಡಿನ ಅಗ್ಗಿಷ್ಟಿಕೆಗೆ ಹೋಲಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾತ್ರಿಯ ಕತೆಗಳನ್ನೆಲ್ಲ ಅಲ್ಲೇ ಹೇಳಿದಳು. ಆದರೆ ಮಗು ಬಟ್ಟೆಯೊಳಗೆ ನುಸುಳಿ ಆಡುವ ಅಪಾಯ ಇದ್ದೇ ಇದೆ, ಆದ್ದರಿಂದ ನಾವು ಎದ್ದಾಗಲೆಲ್ಲ ಪ್ಲಗ್ ಕಿತ್ತಿಡುತ್ತಿದ್ದೆವು.

ಅಡುಗೆಮನೆಗೆ ಪೂರ್ಣ ಅಂಕ. ಅಲ್ಲಿನ ಹೋಟೆಲುಗಳು ಮಧ್ಯಾಹ್ನದ ಊಟವನ್ನು ಒಂದೂವರೆಯ ಮೇಲೆ, ರಾತ್ರಿಯ ಊಟವನ್ನು ಎಂಟು ಎಂಟೂವರೆಯ ಮೇಲೆ ಬಡಿಸುತ್ತವೆ. ಏಳೂವರೆಗೆ ಮಲಗುವ ಮಗುವಿರುವವರಿಗೆ ಮನೆಯ ಒಲೆಯೇ ಗತಿ. ಸಸ್ಯಾಹಾರಿಗಳಿಗೆ ಇನ್ನೂ ಹೆಚ್ಚು, ಮಾಂಸ ಬೇಡವೆಂದು ಹೇಳಿ ತರಿಸಿದ ಸಲಾಡಿನಲ್ಲಿ ಟ್ಯೂನಾ ಮೀನು ಬಂದದ್ದುಂಟು. ಇಲ್ಲಿನ ಕಪಾಟಿನಲ್ಲಿ ಪ್ರೆಷರ್ ಕುಕ್ಕರ್ ಕಂಡು ನಮಗೆ ಜೀವ ಬಂದಂತಾಯಿತು. ಅದು ನಮ್ಮ ಕುಕ್ಕರಿನಂತೆ ಸೀಟಿ ಹೊಡೆಯುವುದಿಲ್ಲ, ಹಬೆಯನ್ನು ಸಣ್ಣಗೆ ಬಿಡುತ್ತಲೇ ಇರುತ್ತದೆ. ಮೊದಲ ದಿನ ಸೀಟಿಗೆ ಕಾದ ಅಮ್ಮ ಎರಡನೆಯ ದಿನದಿಂದ ಗಡಿಯಾರ ನೋಡಿ ಬೇಳೆ ಬೇಯಿಸಿದಳು. ಕಾಲು ಗಂಟೆ ನಡೆದರೆ ಅತರಾಸಾನಾಸ್ ಮಾರುಕಟ್ಟೆ, ಭಾನುವಾರ ಬಿಟ್ಟು ಉಳಿದ ದಿನ ಬೆಳಗಿನ ಹೊತ್ತು ತೆರೆದಿರುತ್ತದೆ. ಅರಬರ ಕಾಲದ ಹಡಗುಕಟ್ಟೆಯ ಕಲ್ಲಿನ ಕಮಾನೇ ಅದರ ಹೆಬ್ಬಾಗಿಲು. ಪಾಲಕ್, ಕಡಲೆಕಾಳು, ಕಿತ್ತಳೆಗಳ ನಡುವೆ ಚಿರಿಮೊಯಾ ಎಂಬ ಹಣ್ಣು ಚಳಿಗಾಲದಲ್ಲೇ ಹೇರಳವಾಗಿ ಬರುತ್ತದೆ. ಸೀತಾಫಲದ ಬಳಗದ್ದು, ಸಿಪ್ಪೆ ನುಣುಪು, ಒಳಗೆ ಅದೇ ಕೆನೆಯಂಥ ತಿರುಳು. ಬೀಜ ತೆಗೆದು ಕೊಟ್ಟರೆ ಮಗಳು ಒಂದು ಇಡೀ ಹಣ್ಣು ಮುಗಿಸುತ್ತಿದ್ದಳು.

ಹೊರಗೆ ತಿಂದದ್ದರಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಬದನೆಕಾಯಿಯನ್ನು ತೆಳುವಾಗಿ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದು, ಮೇಲೆ ಕಪ್ಪನೆಯ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಹೆಸರಿಗೆ ಅದು ಕಬ್ಬಿನ ಜೇನು, ಕಬ್ಬಿನ ರಸವನ್ನು ಕುದಿಸಿ ಇಳಿಸಿದ್ದು, ಹತ್ತಿರದ ಫ್ರಿಹಿಲ್ಯಾನಾ ಎಂಬ ಬೆಟ್ಟದೂರಿನಲ್ಲಿ ಇಂದಿಗೂ ತಯಾರಾಗುತ್ತದೆ. ಅಮ್ಮ ಬೆರಳಿನಲ್ಲಿ ನೆಕ್ಕಿ, "ಇದು ನಮ್ಮ ಜೋನಿಬೆಲ್ಲವೇ ಅಲ್ದಾ!" ಎಂದಳು. ಎರಡು ಬಾಟಲಿ ತಂದು ಉಳಿದ ದಿನಗಳೆಲ್ಲ ದೋಸೆಗೆ ಅದನ್ನೇ ಹಚ್ಚಿದೆವು.

ಮನೆ ಇರುವ ಜಾಗದ ಬಗ್ಗೆ ಎರಡು ಮಾತಿಲ್ಲ. ಮಾಲಗೇತಾ ಕಡಲತೀರಕ್ಕೂ ಬಂದರಿನ ಅಂಚಿನ ಉದ್ಯಾನಕ್ಕೂ ನಡೆದೇ ಹೋಗಬಹುದು. ಆ ದಿನಗಳಲ್ಲಿ ಸೂರ್ಯ ಆರರವರೆಗೆ ಇರುತ್ತಾನೆ, ಮಗಳು ದಿನಾ ಮೂರು ನಾಲ್ಕು ಗಂಟೆ ಮರಳಿನಲ್ಲಿ ಆಡಿದಳು. ಹನ್ನೊಂದನೆಯ ಶತಮಾನದ ಅಲ್ಕಸಾಬಾ ಕೋಟೆಯ ಕಲ್ಲುಹಾಸು ಮಾತ್ರ ತಳ್ಳುಗಾಡಿಗೆ ಆಗದು, ಮಗುವನ್ನು ಹೊತ್ತೇ ಹತ್ತಬೇಕು.

ಜನವರಿ 5ರ ಸಂಜೆ, ಕೂಸು ಯೇಸುವಿಗೆ ಕಾಣಿಕೆ ತಂದರೆನ್ನುವ ಮೂವರು ರಾಜರ ಮೆರವಣಿಗೆ ಬರುತ್ತದೆ, ಸ್ಪೇನಿನ ಮಕ್ಕಳಿಗೆ ಉಡುಗೊರೆ ತರುವವರು ಅವರೇ. ನಮ್ಮಲ್ಲಿ ತೇರಿನ ಮೇಲೆ ಜನ ಬಾಳೆಹಣ್ಣು ಎಸೆದರೆ ಅಲ್ಲಿ ತೇರಿನಿಂದ ಜನರ ಮೇಲೆ ಮಿಠಾಯಿ ಸುರಿಯುತ್ತದೆ. ತನ್ನಪ್ಪನ ಹೆಗಲೇರಿದ್ದ ಮಗಳು ಟೋಪಿ ತುಂಬ ಆಯ್ದುಕೊಂಡಳು. ಅವು ಗಟ್ಟಿ ಮಿಠಾಯಿಗಳು, ಚಿಕ್ಕವರ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮರುದಿನ ತಿನ್ನುವ ಉಂಗುರದಾಕಾರದ ಸಿಹಿ ಬ್ರೆಡ್ಡಿನೊಳಗೂ ಒಂದು ಪುಟ್ಟ ಗೊಂಬೆ, ಒಂದು ಒಣಕಾಳು ಹುದುಗಿರುತ್ತವೆ, ಕತ್ತರಿಸಿ ನೋಡಿಯೇ ಮಗುವಿಗೆ ಕೊಡಬೇಕು.

ಐದಕ್ಕೆ ಮೂರು ಅಂಕ ಕೊಟ್ಟಿದ್ದೇನೆ. ಬೀಗದ ಕೈ ಹಿಂತಿರುಗಿಸುವಾಗ ಮಾಲೀಕರಿಗೆ ಮೂರು ಕೋರಿಕೆ ಬರೆದುಕೊಟ್ಟೆ: ಮಲಗುವ ಕೋಣೆಗೊಂದು ಏಸಿ, ಹಾಸಿಗೆಗಳ ಪಕ್ಕಕ್ಕೆ ಜಮಖಾನೆ, ವಿದ್ಯುತ್ ಮಿತಿಯನ್ನು ಹೆಚ್ಚಿಸುವುದು. ಜಮಖಾನೆ ಮುಂದಿನ ವಾರವೇ ಬರುತ್ತದೆ, ಉಳಿದೆರಡನ್ನು ಬೇಸಿಗೆಯೊಳಗೆ ಮಾಡಿಸುತ್ತೇನೆ ಎಂದರು. ಆ ಕೆಲಸ ಆಗಿದೆಯೆಂದು ತಿಳಿದ ದಿನ ಇನ್ನೊಂದು ಅಂಕ ಸೇರಿಸುತ್ತೇನೆ. ಅಲ್ಲಿಯವರೆಗೆ ಮಾಲಗಾದಲ್ಲಿ ಯಾವ ಮನೆ ಹಿಡಿಯುವುದಾದರೂ, ಮಲಗುವ ಕೋಣೆಯನ್ನು ಬಿಸಿ ಮಾಡುವುದು ಯಾವುದು, ಚಳಿಗಾಲದಲ್ಲಿ ಯಾವ ಕಿಟಕಿಗೆ ಬಿಸಿಲು ಬರುತ್ತದೆ, ಹೀಟರ್ ಮತ್ತು ಗೀಸರ್ ಒಟ್ಟಿಗೆ ಹಾಕಬಹುದೇ ಎಂದು ಮಾಲೀಕರಿಂದ ಬರಹದಲ್ಲಿ ಉತ್ತರ ಪಡೆದುಕೊಂಡೇ ಮುಂಗಡ ಕಟ್ಟಿ.