ಮಗಳ ಬಿಲ್ಲಿಗೆ ಗಂಜಿನ ಕಾಟಾ: ಹೋಲ್ಡಿಂಗ್ ವೇಟ್ ಅಳೆಯಲು ಸಾಕೇ?

ಕಲಬುರಗಿಯ ನೆಹರು ಗಂಜಿನಲ್ಲಿ ತಕ್ಕಡಿ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರಿಂದ 50 ಕಿಲೋ ತೂಗುವ ಡಿಜಿಟಲ್ ಕಾಟಾ ತಂದೆ. ಮೇಲೆ ಉಂಗುರ, ಕೆಳಗೆ ಕೊಕ್ಕೆ, ನಡುವೆ ಅಂಕಿ ಕಾಣುವ ಪರದೆ. ಹತ್ತಿ ಗಂಟು ತೂಗಲು ನಮ್ಮ ಕಡೆ ರೈತರು ಒಯ್ಯುವಂಥದ್ದೇ. ನಾನು ತಂದದ್ದು ಮಗಳ ಕಾಂಪೌಂಡ್ ಬಿಲ್ಲಿನ (ಎರಡೂ ತುದಿಗೆ ಗಾಲಿಯಂಥ ಕ್ಯಾಮ್ ಇರುವ ಬಿಲ್ಲು) ಹೋಲ್ಡಿಂಗ್ ವೇಟ್, ಅಂದರೆ ಪೂರ್ತಿ ಎಳೆದು ಹಿಡಿದಾಗಿನ ಭಾರ, ನೋಡಲಿಕ್ಕೆ. ಆ ಕೆಲಸಕ್ಕೆ ಇದು ಧಾರಾಳ ಸಾಕು. ಬೆಲೆ ಸಾವಿರ ರೂಪಾಯಿಯ ಒಳಗೇ. ಬಿಲ್ಲಿಗೆಂದೇ ಮಾಡಿದ ತಕ್ಕಡಿ ತರಿಸಿದರೆ ಇದರ ಹಲವು ಪಟ್ಟು ಕೊಡಬೇಕು. ಆದರೆ ಇದನ್ನು ಬಳಸುವ ರೀತಿಯಲ್ಲಿ ಒಂದೆರಡು ಸೂಕ್ಷ್ಮಗಳಿವೆ. ಅವು ಗೊತ್ತಿಲ್ಲದಿದ್ದರೆ ಕಾಟಾ ಸರಿಯಿದ್ದರೂ ಲೆಕ್ಕ ತಪ್ಪುತ್ತದೆ.

ಮಗಳು ಕಾಂಪೌಂಡ್ ಹಿಡಿದದ್ದು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ನೋಡಿ. ಕಾಂಪೌಂಡಿನ ಐದಕ್ಕೆ ಐದೂ ಚಿನ್ನ ನಮ್ಮವರಿಗೇ ಬಂದವು, ಬಿಲ್ಲುಗಾರ್ತಿ ಜ್ಯೋತಿ ಸುರೇಖಾ ಒಬ್ಬರ ಕೊರಳಲ್ಲೇ ಮೂರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದ ಮೇಲಂತೂ ಅವಳನ್ನು ಹಿಡಿಯುವವರಿಲ್ಲ. ಅಫಜಲಪುರ ರಸ್ತೆಯ ಕಡೆ ನಮ್ಮ ಹೊಲವಿದೆ. ಬಾಣ ಆಚೆ ಹೋಗದಂತೆ ಎತ್ತರದ ಮಣ್ಣಿನ ದಿಬ್ಬ ಹಾಕಿಸಿ ಅಲ್ಲಿ 50 ಮೀಟರ್ ಅಳತೆ ಮಾಡಿ ಕೊಟ್ಟಿದ್ದೇನೆ.

ಅವಳ ಬಿಲ್ಲು 40 ಪೌಂಡಿನದು. ಕಾಂಪೌಂಡ್ ಬಿಲ್ಲಿನಲ್ಲಿ ಈ 40 ಎನ್ನುವುದು ನಡುದಾರಿಯ ಭಾರ. ಎಳೆಯುತ್ತ ಹೋದಂತೆ ಭಾರ ಏರಿ ಶಿಖರ ಮುಟ್ಟುತ್ತದೆ. ಆಮೇಲೆ ಎರಡು ತುದಿಯ ಕ್ಯಾಮ್‌ಗಳು ತಿರುಗಿ ಭಾರ ಸರ್ರನೆ ಇಳಿಯುತ್ತದೆ. ಪೂರ್ತಿ ಎಳೆದು ಗುರಿ ಹಿಡಿದಾಗ ಕೈಗೆ, ಬೆನ್ನಿಗೆ ಉಳಿಯುವ ಭಾರವೇ ಹೋಲ್ಡಿಂಗ್ ವೇಟ್. ಹೀಗೆ ಇಳಿಯುವ ಪಾಲು ಲೆಟ್-ಆಫ್. ಅದು ಶೇಕಡಾ 80 ಅಂದರೆ 40ರಲ್ಲಿ 32 ಹೋಗಿ 8 ಪೌಂಡ್ ಮಾತ್ರ ಉಳಿಯಿತು. ಬಿಲ್ಲು ಕೊಳ್ಳುವಾಗ ಎಲ್ಲರೂ ಕೇಳುವುದು 40 ಪೌಂಡೋ 50 ಪೌಂಡೋ ಅಂತ. ಆದರೆ ಗುರಿ ಹಿಡಿದು ನಿಲ್ಲುವಷ್ಟು ಹೊತ್ತೂ ಮಕ್ಕಳು ಹೊರುವುದು ಉಳಿದ ಆ ಎಂಟನ್ನು. ಅದನ್ನು ಯಾರೂ ಕೇಳುವುದಿಲ್ಲ ಎನ್ನುವುದೇ ನನ್ನ ಸಂಕಟ.

ಎಂಟು ಪೌಂಡ್ ಹಗುರ, ಒಳ್ಳೆಯದೇ ಅಲ್ಲವೇ ಅನ್ನಿಸಬಹುದು. ಅವಳ ವಿಷಯದಲ್ಲಿ ಒಳ್ಳೆಯದಾಗಿರಲಿಲ್ಲ. ಗುರಿ ನೋಡುವ ಮಸೂರದ, ಅಂದರೆ ಸ್ಕೋಪಿನ, ಚುಕ್ಕೆ ಗುರಿಹಲಗೆಯ ನಡುವಿನ ಹಳದಿಯ ಮೇಲೆ ನಿಲ್ಲದೆ ತೇಲುತ್ತಿತ್ತು. ಎಳೆತಕ್ಕೆ ಎದುರಾಗಿ ತಕ್ಕ ಭಾರವಿಲ್ಲದೆ ಬೆನ್ನು ಸಡಿಲ ಬಿಡುತ್ತಿತ್ತು, ಹೆದೆ ಗೊತ್ತಾಗದಂತೆ ಮುಂದಕ್ಕೆ ಜಾರುತ್ತಿತ್ತು. ಅವಳದು ಬೆನ್ನಿನ ಎಳೆತಕ್ಕೆ ತಿರುಗಿ ಹೆದೆ ಬಿಡುವ ಕೈಸಾಧನ, ಹಿಂಜ್ ರಿಲೀಸ್. ಬೆನ್ನು ಎಳೆಯದಿದ್ದರೆ ಬೆರಳು ಆ ಕೆಲಸ ಮಾಡುತ್ತದೆ, ಬಾಣ ಅಡ್ಡ ಹೋಗುತ್ತದೆ. ನೋಡಿದವರೆಲ್ಲ "ಪೌಂಡ್ ಏರಿಸ್ರಿ" ಅಂದರು. ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಲೆಕ್ಕ ಹಾಕಿಯೇ ನೋಡಿದೆ. ಶೇಕಡಾ 80ರ ಬಿಲ್ಲಿಗೆ 5 ಪೌಂಡ್ ಏರಿಸಿದರೆ ಹೋಲ್ಡಿಂಗ್ ಏರುವುದು 1 ಪೌಂಡ್. ಆ ಒಂದಕ್ಕಾಗಿ ಬೆಳೆಯುವ ಹುಡುಗಿಯ ಭುಜ ಪ್ರತಿ ಬಾಣಕ್ಕೂ ಐದನ್ನು ಹೆಚ್ಚಿಗೆ ಎಳೆಯಬೇಕು. ಬದಲಿಸಬೇಕಾದದ್ದು ಲೆಟ್-ಆಫನ್ನೇ. ಅದಕ್ಕೆ ಮೊದಲು ಈಗ ಎಷ್ಟಿದೆ ಅಂತ ಅಳೆಯಬೇಕು.

ಅಂಗಡಿಯ ಕಾಕಾ ಕಾಟಾ ಕೈಗೆ ಕೊಡುವ ಮುಂಚೆ ಕೇಳಿದರು, "ಏನ್ ತೂಗ್ಲಿಕ್ಕ್ರೀ?"

"ಬಿಲ್ಲಿಂದ್ರಿ. ಅದನ್ನ ಎಳದ್ರ ಎಷ್ಟ್ ಭಾರ ಬೀಳ್ತದ ನೋಡಬೇಕು."

ನಗಲಿಲ್ಲ ಅವರು. ಮುದ್ರೆ ಒತ್ತಿದ ತೂಕದ ಕಲ್ಲು ತರಿಸಿದರು. 5 ಕಿಲೋ ಕಲ್ಲಿಗೆ ಪರದೆ 5.00 ತೋರಿಸಿತು, 20ರ ಕಲ್ಲಿಗೆ 20.02. ಇದೇ ನನಗೆ ಈ ಅಂಗಡಿಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು. ಆನ್‌ಲೈನಿನಲ್ಲಿ ಇದೇ ಕಾಟಾ ನೂರು ರೂಪಾಯಿ ಕಡಿಮೆಗೆ ಸಿಗಬಹುದು, ಆದರೆ ನಿಮ್ಮ ಕಣ್ಣೆದುರು ಕಲ್ಲು ತೂಗಿಹಾಕಿ ತೋರಿಸುವವರು ಯಾರು? ಅದರಲ್ಲೂ 5 ಕಿಲೋ ಕಲ್ಲಿನ ಪರೀಕ್ಷೆ ಬಹಳ ಮುಖ್ಯ, ಯಾಕೆಂದರೆ ಹೋಲ್ಡಿಂಗ್ ವೇಟ್ ಬರುವುದು ಆ ಆಸುಪಾಸಿನಲ್ಲೇ.

ಆಮೇಲೆ ಕಾಕಾ ರೂಢಿಯಂತೆ ಹೇಳಿದರು: "ಮೊದಲ ಬಿಲ್ಲು ತೂಗಿಹಾಕ್ರಿ, ಟೇರ್ ಒತ್ತಿ ಸೊನ್ನಿ ಮಾಡ್ರಿ, ಆಮ್ಯಾಲ ಎಳೀರಿ."

ಚೀಲದ ತೂಕ ಕಳೆಯುವವರಿಗೆ ಇದು ಸರಿಯಾದ ಮಾತು. ಬಿಲ್ಲಿಗೆ ಸಲ್ಲದು. ಕೊಕ್ಕೆಗೆ ಹೆದೆ ಸಿಕ್ಕಿಸಿ ಬಿಲ್ಲು ತೂಗಿಬಿಟ್ಟಾಗ ಬಿಲ್ಲಿನ ಸ್ವಂತ ಭಾರವೂ ಆ ಹೆದೆಯನ್ನೇ ಎಳೆಯುತ್ತಿರುತ್ತದೆ. ಅದೂ ಎಳೆತದಲ್ಲಿ ಸೇರಿದ್ದೇ. ಸೊನ್ನೆ ಮಾಡಬೇಕಾದದ್ದು ಖಾಲಿ ಕೊಕ್ಕೆಯನ್ನು ಮಾತ್ರ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಮಗಳ ಬಿಲ್ಲು ಗುರಿ ನೋಡುವ ಸೈಟ್ ಸಮೇತ 1.9 ಕಿಲೋ. ಟೇರ್ ಒತ್ತದೆ ಅಳೆದಾಗ ಶಿಖರ 18.2 ಕಿಲೋ, ಅಂದರೆ 40 ಪೌಂಡ್. ಹೋಲ್ಡಿಂಗ್ 3.64 ಕಿಲೋ, ಅಂದರೆ 8 ಪೌಂಡ್. ಲೆಟ್-ಆಫ್ ಸರಿಯಾಗಿ ಶೇಕಡಾ 80. ಇದರಲ್ಲಿ ಬಿಲ್ಲಿನ ಭಾರ ಕಳೆದರೆ 16.3 ಮತ್ತು 1.74 ಉಳಿದು, ಲೆಟ್-ಆಫ್ ಶೇಕಡಾ 89 ಅಂತ ಬರುತ್ತದೆ. ಸುಳ್ಳು ಲೆಕ್ಕ. ಇದನ್ನು ಕಾಕಾಗೆ ಕಾಗದದ ಮೇಲೆ ಬರೆದು ತೋರಿಸಿದೆ. "ಖರೇ ಅದ್ರಿ" ಅಂತ ಒಪ್ಪಿದರು.

ಇನ್ನು ಕಾಟಾದ ಕೊರತೆಗಳು. ಕೊಕ್ಕೆ ಗೋಣಿಚೀಲಕ್ಕೆ ಮಾಡಿದ್ದು, ದಪ್ಪ. ಡಿ-ಲೂಪ್, ಅಂದರೆ ಹೆದೆಗೆ ಕಟ್ಟಿದ ಸಣ್ಣ ದಾರದ ಉಂಗುರ, ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ನಡುವೆ ಗಟ್ಟಿ ಹಗ್ಗದ ಸಣ್ಣ ಕುಣಿಕೆ ಹಾಕಲೇಬೇಕು. ಇದನ್ನು ಹಗುರ ಮಾಡಬೇಡಿ: ಎಳೆದಾಗ ಕುಣಿಕೆ ಜಾರಿದರೆ ಬಾಣವಿಲ್ಲದೆ ಬಿಲ್ಲು ಬಿಟ್ಟಂತೆ. ಆ ಶಕ್ತಿಯೆಲ್ಲ ಲಿಂಬ್‌ಗಳಿಗೆ, ಅಂದರೆ ಬಿಲ್ಲಿನ ಬಾಗುವ ತೋಳುಗಳಿಗೆ, ಬಡಿಯುತ್ತದೆ. ಬಿಲ್ಲು ಒಡೆಯಬಹುದು, ಹಿಡಿದವರಿಗೂ ಪೆಟ್ಟಾಗಬಹುದು. ಕಾಟಾವನ್ನು ತೊಲೆಗೆ ಗಟ್ಟಿಯಾಗಿ ಕಟ್ಟಿ, ಹಿಡಿಕೆಯನ್ನು ಎರಡೂ ಕೈಯಿಂದ ನಿಧಾನ ಕೆಳಗೆ ಎಳೆಯಿರಿ, ಅಷ್ಟೇ ನಿಧಾನ ಮೇಲೆ ಬಿಡಿ.

ಎರಡನೆಯದು, ಅಂಕಿ ತಾನೇ ಹೋಲ್ಡ್ ಆಗುವ ವ್ಯವಸ್ಥೆ. ನಡುವೆ ಎಲ್ಲೋ ಅರೆಗಳಿಗೆ ನಿಂತರೆ ಅಲ್ಲೇ ಅಂಕಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ಬಂದ್ ಮಾಡಲು ಬರುವ ಮಾದರಿಯನ್ನೇ ಕೇಳಿ ತೊಗೊಳ್ಳಿ. ಶಿಖರದ ಅಂಕಿಯನ್ನು ಇದು ನೆನಪಿಡುವುದಿಲ್ಲ, ಹಾಗಾಗಿ ಮಗಳು ಪರದೆಯ ವಿಡಿಯೋ ಮಾಡುತ್ತಾಳೆ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುತ್ತೇವೆ. ಹೋಲ್ಡಿಂಗಿಗೆ ಆ ತೊಂದರೆಯಿಲ್ಲ: ಎಳೆತ ತಡೆಯುವ ಸ್ಟಾಪ್ ಮೆಲ್ಲಗೆ ತಾಗಿದ ಜಾಗದ ಅಂಕಿ ತೊಗೊಳ್ಳಬೇಕು. ಅದಕ್ಕೂ ಮೀರಿ ಜಗ್ಗಿದರೆ ಅಂಕಿ ಮತ್ತೆ ಏರುತ್ತದೆ. ಎಳೆಯುವಾಗಿನ ಅಂಕಿಗೂ ವಾಪಸ್ ಬಿಡುವಾಗಿನ ಅಂಕಿಗೂ ಘರ್ಷಣೆಯಿಂದ ಫರಕು ಇರುತ್ತದೆ. ಯಾವಾಗಲೂ ಎಳೆಯುವಾಗಿನದನ್ನೇ ಬರೆದಿಡಿ.

ಅವಳ ಬಿಲ್ಲಿನ ಕ್ಯಾಮ್‌ನಲ್ಲಿ ಜರುಗಿಸಬಹುದಾದ ಡ್ರಾ ಸ್ಟಾಪ್ ಇದೆ. ಕ್ಯಾಮ್ ಸ್ವಲ್ಪ ಮುಂಚೆಯೇ ನಿಲ್ಲುವಂತೆ ಅಲೆನ್ ಕೀಲಿಯಿಂದ ಅದನ್ನು ಜರುಗಿಸಿದೆವು. ಮೇಲಿನದೂ ಕೆಳಗಿನದೂ ಒಂದೇ ಗುರುತಿಗೆ, ಎರಡೂ ಒಟ್ಟಿಗೆ ತಾಗಬೇಕು. ಬಿಲ್ಲು ಅದುಮಿ ಹೆದೆ ಸಡಿಲಿಸುವ ಪ್ರೆಸ್ ಬೇಕಾಗಲಿಲ್ಲ, ಶಿಖರದ ಭಾರ ಬದಲಿಸುವ ಲಿಂಬ್ ಬೋಲ್ಟ್ ಮುಟ್ಟಲಿಲ್ಲ. ಈಗ ಶಿಖರ ಅದೇ 18.2 ಕಿಲೋ, ಹೋಲ್ಡಿಂಗ್ 5.1 ಕಿಲೋ, ಅಂದರೆ 11 ಪೌಂಡಿಗೆ ಸ್ವಲ್ಪ ಮೇಲೆ. ಲೆಟ್-ಆಫ್ ಶೇಕಡಾ 72ಕ್ಕೆ ಇಳಿಯಿತು. ಎಳೆತದ ಉದ್ದ ತುಸು ಗಿಡ್ಡವಾಯಿತು, ಪೀಪ್ (ಹೆದೆಯೊಳಗಿನ ನೋಡುಕಿಂಡಿ) ಮತ್ತು ಸೈಟ್ ಮತ್ತೆ ಕೂರಿಸಬೇಕಾಯಿತು. ಅದು ತಪ್ಪದ ಕೆಲಸ. ಮೊದಲ ಸುತ್ತು ಹೊಡೆದು ಬಂದು "ಅಪ್ಪಾ, ಈಗ ಬೆನ್ನಿಗೆ ಗೊತ್ತಾಗ್ಲಿಕತ್ತದ" ಅಂದಳು. ಚುಕ್ಕೆ ಈಗಲೂ ಅಲುಗುತ್ತದೆ, ಆದರೆ ಹಳದಿಯ ಒಳಗೇ.

ಬಿಲ್ಲಿನಲ್ಲಿ ಇಂಥ ಸ್ಟಾಪ್ ಇಲ್ಲದಿದ್ದರೆ, ಅಥವಾ ಕೇಬಲ್ ತಿರುವಿ ಹೊಂದಿಸಬೇಕಾಗಿ ಬಂದರೆ, ಮನೆಯಲ್ಲಿ ಕೈ ಹಾಕಬೇಡಿ. ಅದು ಪ್ರೆಸ್ ಇರುವ, ಕೆಲಸ ಬಲ್ಲವರ ಕಡೆಗೇ ಹೋಗಬೇಕು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಲ್ಲು ಬಿಟ್ಟರೆ ಹೆದೆ, ಕೇಬಲ್ ಹಿಗ್ಗಿ ಕ್ಯಾಮ್‌ಗಳ ಹೊಂದಾಣಿಕೆ ಕೆಡಬಹುದು. ಹಾಗಾಗಿ ಬೇಸಿಗೆ ಮುಗಿದ ಮೇಲೆ ಇನ್ನೊಮ್ಮೆ ಅಳೆಯುವುದು ಒಳ್ಳೆಯದು. ಅಂಗಡಿಗೆ ಹೋಗುವಾಗ ಬೆಳಗಿನ ಹೊತ್ತು ಹೋಗಿ. ತೊಗರಿ ಸುಗ್ಗಿಯಲ್ಲಿ ಮಧ್ಯಾಹ್ನದ ಮೇಲೆ ಗಂಜಿನ ತುಂಬ ಲಾರಿ, ಕಾಕಾಗೆ ಕಲ್ಲು ತೂಗಿ ತೋರಿಸಲು ಪುರುಸೊತ್ತು ಇರುವುದಿಲ್ಲ.